ಮೌನವು ಕ್ಷೇಮದ ಗುರುತಲ್ಲ

ನಡುರಾತ್ರಿಯಲ್ಲಿ ಎಚ್ಚರವಾದವರಿಗೆ ಬೀದಿಯಲ್ಲಿ ಗಸ್ತಿನವನ ಕೋಲು ನೆಲಕ್ಕೆ ತಗಲುವ ಸದ್ದೂ ನಡುನಡುವೆ ಅವನ ಸೀಟಿಯೂ ಕೇಳಿಬರುವುದುಂಟು. ಹೀಗೆ ಸದ್ದು ಮಾಡಿಕೊಂಡು ಬಂದರೆ ಕಳ್ಳನಿಗೆ ಮೊದಲೇ ಸುದ್ದಿ ಕೊಟ್ಟಂತಾಗುವುದಿಲ್ಲವೆ ಎಂದು ನಗುವವರೂ ಉಂಟು. ಆದರೆ ಆ ಸದ್ದಿನಿಂದ ಮತ್ತೊಂದು ಪ್ರಯೋಜನವಿದೆ. ಮನೆಯೊಳಗೆ ಮಲಗಿರುವವರಿಗೆ ಕಾವಲುಗಾರನು ಎಚ್ಚರವಾಗಿದ್ದಾನೆಂಬುದನ್ನು ಅದು ಸಾರುತ್ತದೆ. ಕಳ್ಳನನ್ನು ಕಂಡಾಗ ಮಾತ್ರ ಕೂಗಿಕೊಂಡು ಉಳಿದ ಹೊತ್ತೆಲ್ಲ ಸುಮ್ಮನಿರುವ ಕಾವಲುಗಾರನೊಬ್ಬನನ್ನು ಊಹಿಸಿಕೊಳ್ಳೋಣ. ರಾತ್ರಿಯೆಲ್ಲ ಅವನ ದನಿ ಕೇಳಿಸಲಿಲ್ಲವೆಂದರೆ ನಾವು ಏನೆಂದು ತಿಳಿಯಬೇಕು? ಕಳ್ಳನು ಬರಲಿಲ್ಲವೆಂದೆ? ಕಾವಲುಗಾರನು ನಿದ್ದೆಹೋದನೆಂದೆ? ಎರಡು ಸಂದರ್ಭಗಳಲ್ಲಿಯೂ ಮೌನವು ಒಂದೇ ಬಗೆಯದು. ಬೆಳಗಾದ ಮೇಲೆ ಬೀರುವಿನ ಬಾಗಿಲನ್ನು ನೋಡಿದಾಗಲೇ ಭೇದವು ತಿಳಿಯುವುದು.

ಈ ಸಣ್ಣ ಸಂಗತಿಯನ್ನು ಇಲ್ಲಿ ಎತ್ತಿಕೊಂಡುದಕ್ಕೆ ಕಾರಣವಿದೆ. ಇಂದು ಬ್ಯಾಂಕು, ಆಸ್ಪತ್ರೆ, ರೈಲ್ವೆ, ವಿದ್ಯುತ್ ಸರಬರಾಜು, ಕೊನೆಗೆ ಪರೀಕ್ಷೆಯ ಫಲಿತಾಂಶ, ಇವೆಲ್ಲವೂ ಕಂಪ್ಯೂಟರುಗಳನ್ನೇ ನಂಬಿಕೊಂಡಿವೆ. ಈ ಕಂಪ್ಯೂಟರುಗಳಿಗೂ ಕಾವಲುಗಾರರಿದ್ದಾರೆ. ಆ ಕಾವಲುಗಾರರು ಕೂಡ ಕಂಪ್ಯೂಟರುಗಳೇ. ಎಲ್ಲಿ ಏನು ಕೆಟ್ಟಿತೆಂಬುದನ್ನು ಕಂಡುಹಿಡಿದು ಮನುಷ್ಯರಿಗೆ ತಿಳಿಸುವ ಈ ಏರ್ಪಾಡಿಗೆ 'ಈವೆಂಟ್ ಮ್ಯಾನೇಜ್‌ಮೆಂಟ್' ವ್ಯವಸ್ಥೆಯೆಂದು ಹೆಸರು; ಘಟನಾ ನಿರ್ವಹಣ ವ್ಯವಸ್ಥೆಯೆಂದು ನಾವು ಕರೆಯಬಹುದು. ಈ ವ್ಯವಸ್ಥೆಯು ಏನು ಹೇಳುತ್ತದೆಂಬುದಕ್ಕೆ ಎಲ್ಲರೂ ಕಿವಿಗೊಡುತ್ತಾರೆ. ಅದು ಸ್ವತಃ ಆರೋಗ್ಯವಾಗಿದೆಯೇ ಎಂದು ಕೇಳುವವರು ಕಡಮೆ. ಕೇಳದಿರುವುದು ದೊಡ್ಡ ತಪ್ಪೆಂದೂ, ಆ ತಪ್ಪಿಗೆ ತೆರಬೇಕಾಗುವ ಬೆಲೆ ಬಹಳ ಹೆಚ್ಚೆಂದೂ ನಮ್ಮ ಅಭಿಪ್ರಾಯ. ಅದಕ್ಕೆ ಆಧಾರಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಈ ವ್ಯವಸ್ಥೆಯ ರಚನೆಯನ್ನು ಸ್ಥೂಲವಾಗಿ ತಿಳಿಯೋಣ. ಕೆಲಸ ಮಾಡುವ ಪ್ರತಿಯೊಂದು ಕಂಪ್ಯೂಟರೂ ತನ್ನಲ್ಲಿ ನಡೆದುದನ್ನೆಲ್ಲ ಚಿಕ್ಕ ಚಿಕ್ಕ ವರದಿಗಳಾಗಿ ಬರೆಯುತ್ತಿರುತ್ತದೆ. "ಡಿಸ್ಕಿನಲ್ಲಿ ಜಾಗ ಮುಗಿಯುತ್ತ ಬಂದಿದೆ", "ಇಂಥ ತಂತಿಯ ಸಂಪರ್ಕ ಕಡಿಯಿತು", "ಇಂಥವರು ತಪ್ಪು ಗುಪ್ತಪದವನ್ನು ಮೂರು ಸಲ ಕೊಟ್ಟರು", ಇವೇ ಘಟನೆಗಳು. ದೊಡ್ಡ ಸಂಸ್ಥೆಯೊಂದರಲ್ಲಿ ಇಂಥ ವರದಿಗಳು ದಿನವೊಂದಕ್ಕೆ ಲಕ್ಷಗಟ್ಟಲೆಯಾಗಿ ಹುಟ್ಟುತ್ತವೆ. ಇವನ್ನು ಆಯಾ ಸ್ಥಳದಿಂದ ಒಟ್ಟುಗೂಡಿಸಿ ತರುವ ಕಾರ್ಯಕ್ರಮಗಳಿವೆ. ತಂದುದನ್ನು ಸಾಲಾಗಿ ನಿಲ್ಲಿಸುವ ಸರತಿಯಿದೆ. ಯಾವುದು ಅಲ್ಪ, ಯಾವುದು ಅಪಾಯಕರ, ಯಾವ ಹತ್ತು ವರದಿಗಳಿಗೆ ಮೂಲವು ಒಂದೇ ಎಂಬುದನ್ನು ವಿಂಗಡಿಸುವ ನಿಯಮಗಳಿವೆ. ಕೊನೆಗೆ ಪರದೆಯ ಮೇಲೆ ತೋರಿಸುವ, ಗಂಟೆ ಬಾರಿಸುವ, ಹೊಣೆಗಾರರ ಫೋನಿಗೆ ಸಂದೇಶ ಕಳುಹಿಸುವ ಭಾಗವಿದೆ. ಹಳ್ಳಿಯ ಕೆರೆಯಿಂದ ಗದ್ದೆಯವರೆಗೆ ಹರಿಯುವ ಕಾಲುವೆಗೆ ಇದನ್ನು ಹೋಲಿಸಬಹುದು. ನಡುವೆ ಎಲ್ಲಿ ಕಟ್ಟಿಕೊಂಡರೂ ಗದ್ದೆಗೆ ನೀರು ಬಾರದು. ಕಾಲುವೆ ಕಟ್ಟಿಕೊಂಡರೆ ರೈತನಿಗೆ ಒಡನೆಯೇ ತಿಳಿಯುತ್ತದೆ. ಏಕೆಂದರೆ ಅವನು ನೀರಿಗಾಗಿ ಕಾದಿರುತ್ತಾನೆ. ಅಪಾಯದ ವರದಿಗಾಗಿ ಹಾಗೆ ಕಾದು ಕುಳಿತವರು ಯಾರೂ ಇಲ್ಲ. ಅದು ಬಾರದಿದ್ದರೆ ಎಲ್ಲರಿಗೂ ಸಂತೋಷವೇ! ಕುತ್ತು ಇರುವುದು ಇಲ್ಲಿಯೇ.

ಹೀಗೆ ಕಾವಲು ಕೆಟ್ಟು, ಕೆಟ್ಟುದು ಯಾರಿಗೂ ತಿಳಿಯದೆ ಹೋದ ದಿನದ ಕಥೆಯೊಂದನ್ನು ಈಗ ಹೇಳಬೇಕು. ಅದು ನಡೆದುದು 2003ನೆಯ ಇಸವಿ ಆಗಸ್ಟ್ 14ರಂದು, ಅಮೆರಿಕ ದೇಶದ ಒಹಾಯೋ ರಾಜ್ಯದಲ್ಲಿ. ಅಲ್ಲಿನ ಆಕ್ರನ್ ನಗರದಲ್ಲಿ ಫಸ್ಟ್‌ಎನರ್ಜಿ ಎಂಬ ವಿದ್ಯುತ್ ಕಂಪನಿಯ ನಿಯಂತ್ರಣ ಕೊಠಡಿಯಿತ್ತು. ಉತ್ತರ ಒಹಾಯೋದ ತಂತಿಗಳಲ್ಲಿ ಹರಿಯುವ ವಿದ್ಯುತ್ತನ್ನು ಅಲ್ಲಿಯ ಸಿಬ್ಬಂದಿ ಹಗಲಿರುಳೂ ನೋಡಿಕೊಳ್ಳುತ್ತಿದ್ದರು. ಯಾವುದೇ ತಂತಿ ಕಳಚಿಕೊಂಡರೆ, ಯಾವುದೇ ಕಡೆ ವೋಲ್ಟೇಜು ಇಳಿದರೆ ಕಂಪ್ಯೂಟರು ಗಂಟೆ ಬಾರಿಸಿ ಪರದೆಯ ಮೇಲೆ ಬರೆದು ತೋರಿಸಬೇಕು. ಸಾವಿರಾರು ಮಾಪನಗಳ ಮೇಲೆ ಮನುಷ್ಯನೊಬ್ಬನು ಕಣ್ಣಿಟ್ಟಿರುವುದು ಸಾಧ್ಯವಲ್ಲದ ಮಾತು. ಆದುದರಿಂದ ಅವರೆಲ್ಲರೂ ಆ ಗಂಟೆಯನ್ನು ನಂಬಿದ್ದರು.

ಮಧ್ಯಾಹ್ನ 2 ಗಂಟೆ 14 ನಿಮಿಷವಾದ ಮೇಲೆ ಆ ಗಂಟೆ ಬಾರಿಸಲಿಲ್ಲ. ಎಚ್ಚರಿಕೆಯ ಕಾರ್ಯಕ್ರಮವು ಒಂದು ಘಟನೆಯನ್ನು ಪರಿಶೀಲಿಸುತ್ತಿದ್ದಾಗಲೇ ಸಿಕ್ಕಿಬಿದ್ದು ನಿಂತುಹೋಗಿತ್ತು. ಮುಂದೆ ವಾರಗಟ್ಟಲೆ ಶೋಧಿಸಿದಾಗ ತಿಳಿದುಬಂದ ಕಾರಣವಿದು: ಕಾರ್ಯಕ್ರಮದ ಎರಡು ಭಾಗಗಳು ಒಂದೇ ಮಾಹಿತಿಯ ತಾಣಕ್ಕೆ ಏಕಕಾಲದಲ್ಲಿ ಕೈಹಾಕಿದುವು, ಅಲ್ಲಿನ ಮಾಹಿತಿ ಕಲಸಿಹೋಗಿ ಕಾರ್ಯಕ್ರಮವು ಕೊನೆಯಿಲ್ಲದ ಸುತ್ತಿಗೆ ಬಿದ್ದಿತು. ಸರತಿಯಲ್ಲಿ ಹೊಸ ವರದಿಗಳು ರಾಶಿಬಿದ್ದುವು. 2 ಗಂಟೆ 41 ನಿಮಿಷಕ್ಕೆ ಆ ಭಾರದಿಂದ ಮುಖ್ಯ ಸರ್ವರು ಕುಸಿಯಿತು. ಇಂಥ ಸಮಯಕ್ಕೆಂದೇ ಇರಿಸಿದ್ದ ಬದಲಿ ಸರ್ವರು ಕೆಲಸವನ್ನು ವಹಿಸಿಕೊಂಡಿತು. ಆದರೆ ಸಿಕ್ಕಿಬಿದ್ದಿದ್ದ ಕಾರ್ಯಕ್ರಮವೂ ಅದೇ ಸ್ಥಿತಿಯಲ್ಲಿ ಅದರ ಮೇಲೆ ಬಂದು ಕುಳಿತಿತು. 2 ಗಂಟೆ 54 ನಿಮಿಷಕ್ಕೆ ಅದೂ ಕುಸಿಯಿತು. ಪರದೆಯ ಚಿತ್ರ ಹೊಸದಾಗಲು ಕೆಲವೇ ಸೆಕೆಂಡುಗಳು ಸಾಕಾಗುತ್ತಿದ್ದುದು, ಈಗ ಒಂದು ನಿಮಿಷದಷ್ಟು ಹೊತ್ತು ಹಿಡಿಯತೊಡಗಿತು. ಕೊಠಡಿಯಲ್ಲಿದ್ದವರಿಗೆ ಮಾತ್ರ ಎಚ್ಚರಿಕೆಯ ಗಂಟೆ ಸತ್ತುಹೋಗಿದೆಯೆಂದು ಯಾರೂ ಹೇಳಲಿಲ್ಲ.

ಈ ನಡುವೆ ಹೊರಗೆ ಪ್ರಕೃತಿಯು ತನ್ನ ಕೆಲಸವನ್ನು ನಡೆಸಿತ್ತು. ಬೇಸಗೆಯ ಮಧ್ಯಾಹ್ನ, ತಂತಿಗಳಲ್ಲಿ ಹೆಚ್ಚು ಪ್ರವಾಹ. ಪ್ರವಾಹದಿಂದ ಲೋಹವು ಕಾಯುವುದು, ಕಾದ ಲೋಹವು ಹಿಗ್ಗುವುದು, ಹಿಗ್ಗಿದ ತಂತಿಯು ಜೋಲುವುದು ವಿದ್ಯಾರ್ಥಿಗಳು ಬಲ್ಲ ವಿಷಯವೇ. ಕೆಳಗೆ ಮರಗಳನ್ನು ಕಾಲಕಾಲಕ್ಕೆ ಸವರದೆ ಬಿಟ್ಟಿದ್ದರು. 3 ಗಂಟೆ 5 ನಿಮಿಷಕ್ಕೆ 345 ಕಿಲೋವೋಲ್ಟಿನ ಒಂದು ತಂತಿ ಮರಕ್ಕೆ ತಗಲಿ ಕಳಚಿಕೊಂಡಿತು. ಅದರ ಹೊರೆ ನೆರೆಯ ತಂತಿಗಳ ಮೇಲೆ ಬಿದ್ದಿತು. 3 ಗಂಟೆ 32 ನಿಮಿಷಕ್ಕೆ ಎರಡನೆಯದು, 3 ಗಂಟೆ 41 ನಿಮಿಷಕ್ಕೆ ಮೂರನೆಯದು ಅದೇ ರೀತಿ ಮರಕ್ಕೆ ತಗಲಿ ಕಳಚಿಕೊಂಡುವು. ಒಂದಕ್ಕೂ ಗಂಟೆ ಬಾರಿಸಲಿಲ್ಲ. ನೆರೆಯ ಕಂಪನಿಯವರು ಅದಕ್ಕೂ ಮೊದಲೇ ಫೋನು ಮಾಡಿ, ತಂತಿಯೊಂದು ಒಮ್ಮೆ ಕಳಚಿ ಮತ್ತೆ ಕೂಡಿಕೊಂಡುದನ್ನು ತಾವು ಕಂಡೆವೆಂದು ತಿಳಿಸಿದ್ದರು. ಆಕ್ರನ್ನಿನವರು ತಮ್ಮ ಪರದೆಯನ್ನು ನೋಡಿದರು. ಅಲ್ಲಿ ಎಚ್ಚರಿಕೆಯ ಸೊಲ್ಲೇ ಇರಲಿಲ್ಲ. ಫೋನಿನಲ್ಲಿ ಬಂದ ಮನುಷ್ಯನ ಮಾತಿಗಿಂತ ಯಂತ್ರದ ಮೌನವೇ ಅವರಿಗೆ ಹೆಚ್ಚು ನಂಬಲರ್ಹವೆಂದು ತೋರಿತು. ಹೀಗೆ ಒಂದು ಗಂಟೆಗೂ ಹೆಚ್ಚು ಕಾಲ ಅವರು ಕಣ್ಣು ತೆರೆದುಕೊಂಡೇ ಕುರುಡರಾಗಿದ್ದರು.

ಸಾಯಂಕಾಲ 4 ಗಂಟೆಯ ಸುಮಾರಿಗೆ ಪರಿಸ್ಥಿತಿ ಕೈಮೀರಿತು. ಕೆಲವೇ ನಿಮಿಷಗಳಲ್ಲಿ ಅಮೆರಿಕದ ಎಂಟು ರಾಜ್ಯಗಳ ಭಾಗಗಳೂ ಕೆನಡಾದ ಒಂಟಾರಿಯೋ ಪ್ರಾಂತವೂ ಕತ್ತಲಲ್ಲಿ ಮುಳುಗಿದುವು. ನ್ಯೂಯಾರ್ಕ್ ಮಹಾನಗರವೂ ಅದರಲ್ಲಿ ಸೇರಿತ್ತು. ಸುಮಾರು 5 ಕೋಟಿ ಜನರಿಗೆ ವಿದ್ಯುತ್ತಿಲ್ಲದೆ ಹೋಯಿತು. ನಿಂತುಹೋದ ವಿದ್ಯುತ್ತಿನ ಪ್ರಮಾಣ 61,800 ಮೆಗಾವಾಟ್. ಎರಡೂ ದೇಶಗಳು ಕೂಡಿ ವಿಚಾರಣೆ ನಡೆಸಿ 2004ರ ಏಪ್ರಿಲ್‌ನಲ್ಲಿ ಅಂತಿಮ ವರದಿಯನ್ನು ಪ್ರಕಟಿಸಿದುವು. ಸವರದ ಮರಗಳು, ಸಾಲದ ತರಬೇತಿ ಮೊದಲಾದ ಕಾರಣಗಳ ಜೊತೆಯಲ್ಲಿ, ಸದ್ದಿಲ್ಲದೆ ಸತ್ತ ಎಚ್ಚರಿಕೆಯ ವ್ಯವಸ್ಥೆಯನ್ನೂ ಆ ವರದಿಯು ವಿವರವಾಗಿ ಎತ್ತಿ ತೋರಿಸಿದೆ.

ಈ ಕಥೆಯಲ್ಲಿ ಒಂದು ಅಂಶವನ್ನು ನಾವು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಸರ್ವರುಗಳನ್ನು ಕಾಯುವವರೇ ಇರಲಿಲ್ಲವೆಂದಲ್ಲ. ಮುಖ್ಯ ಸರ್ವರು ಕುಸಿದೊಡನೆ ಕಂಪ್ಯೂಟರ್ ವಿಭಾಗದ ಸಿಬ್ಬಂದಿಗೆ ತಾನಾಗಿಯೇ ಸಂದೇಶ ಹೋಯಿತು. ಅವರು ಬಂದು ಅದನ್ನು ಮತ್ತೆ ಚಾಲನೆಗೆ ತಂದರು. 3 ಗಂಟೆ 8 ನಿಮಿಷಕ್ಕೆ ಸರ್ವರು ಎದ್ದು ನಿಂತಿತು. ಕೆಲಸ ಮುಗಿಯಿತೆಂದು ಅವರು ತಿಳಿದರು. ಆದರೆ ಎಚ್ಚರಿಕೆಯ ಕಾರ್ಯಕ್ರಮವು ಇನ್ನೂ ಸಿಕ್ಕಿಬಿದ್ದ ಸ್ಥಿತಿಯಲ್ಲಿಯೇ ಇತ್ತು. ಗಂಟೆ ಬಾರಿಸುತ್ತಿದೆಯೇ ಎಂದು ಅವರು ನಿಯಂತ್ರಣ ಕೊಠಡಿಯವರನ್ನು ಕೇಳಲಿಲ್ಲ. ಸರ್ವರು ಬಿದ್ದಿತ್ತೆಂದು ಅವರಿಗೆ ತಿಳಿಸಲೂ ಇಲ್ಲ. ನಾಡಿಯನ್ನು ಹಿಡಿದು ನೋಡಿ "ರೋಗಿ ಬದುಕಿದ್ದಾನೆ" ಎಂದು ವೈದ್ಯನು ಎದ್ದುಹೋದಂತಾಯಿತು. ರೋಗಿಗೆ ಪ್ರಜ್ಞೆ ಬಂದಿದೆಯೇ ಎಂಬುದನ್ನು ನೋಡಲಿಲ್ಲ. ಯಂತ್ರವು ನಡೆಯುತ್ತಿರುವುದು ಒಂದು ಸಂಗತಿ, ಯಂತ್ರವು ತನ್ನ ಕೆಲಸವನ್ನು ಮಾಡುತ್ತಿರುವುದು ಇನ್ನೊಂದು ಸಂಗತಿ. ಕಾವಲಿನ ಆರೋಗ್ಯವನ್ನು ಪರೀಕ್ಷಿಸುವವರು ಮೊಟ್ಟಮೊದಲು ಕಲಿಯಬೇಕಾದ ಪಾಠ ಇದು.

ಈ ಕುತ್ತಿಗೆ ಮದ್ದು ಇಲ್ಲವೆ? ಉಂಟು. ಅದೂ ಕಂಪ್ಯೂಟರು ಹುಟ್ಟುವುದಕ್ಕೆ ಬಹಳ ಮುಂಚಿನಿಂದಲೇ ಉಂಟು. ಭೌತಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳಿಗೆ ಅದನ್ನು ಎರಡು ಉದಾಹರಣೆಗಳಿಂದ ವಿವರಿಸಬಹುದು.

ಮೊದಲನೆಯದು ರೈಲ್ವೆಯಿಂದ. ಹಳಿಯ ಒಂದು ಭಾಗದಲ್ಲಿ ರೈಲು ನಿಂತಿದೆಯೇ ಇಲ್ಲವೇ ಎಂಬುದನ್ನು ಸಿಗ್ನಲ್ಲಿಗೆ ತಿಳಿಸಬೇಕು. ರೈಲು ಬಂದಾಗ ವಿದ್ಯುತ್ತು ಹರಿದು ಕೆಂಪು ದೀಪ ಹೊತ್ತಿಕೊಳ್ಳುವಂತೆ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಆದರೆ ತಂತಿ ಹರಿದಿದ್ದರೆ ಗತಿಯೇನು? ರೈಲು ಬಂದರೂ ದೀಪ ಹೊತ್ತದು. ಹಿಂದಿನಿಂದ ಬರುವ ಚಾಲಕನು ದಾರಿ ತೆರವಾಗಿದೆಯೆಂದು ನುಗ್ಗುತ್ತಾನೆ. ವಿಲಿಯಂ ರಾಬಿನ್ಸನ್ ಎಂಬ ಅಮೆರಿಕದ ಇಂಜಿನಿಯರು 1872ರಲ್ಲಿ ಈ ಏರ್ಪಾಡನ್ನು ತಲೆಕೆಳಗು ಮಾಡಿದನು. ಹಳಿಗಳ ಒಂದು ಕೊನೆಯಲ್ಲಿ ಬ್ಯಾಟರಿ, ಇನ್ನೊಂದು ಕೊನೆಯಲ್ಲಿ ವಿದ್ಯುದಯಸ್ಕಾಂತದ ರಿಲೇ. ದಾರಿ ತೆರವಾಗಿರುವಾಗ ಹಳಿಗಳ ಮೂಲಕ ಸದಾ ಪ್ರವಾಹವು ಹರಿದು ರಿಲೇಯನ್ನು ಎತ್ತಿ ಹಿಡಿದಿರುತ್ತದೆ. ರೈಲು ಬಂದರೆ ಅದರ ಗಾಲಿಗಳೂ ಅಚ್ಚೂ ಎರಡು ಹಳಿಗಳನ್ನು ಕೂಡಿಸಿಬಿಡುವುದರಿಂದ ಪ್ರವಾಹವು ರಿಲೇಗೆ ತಲುಪುವುದಿಲ್ಲ, ಅದು ಬೀಳುತ್ತದೆ, ಸಿಗ್ನಲ್ಲು ಕೆಂಪಾಗುತ್ತದೆ. ಇನ್ನು ತಂತಿ ಹರಿದರೂ, ಬ್ಯಾಟರಿ ಸತ್ತರೂ, ಹಳಿಯೇ ತುಂಡಾದರೂ ಫಲವು ಅದೇ: ಕೆಂಪು ದೀಪ. ಕ್ಷೇಮವೆಂದು ಹೇಳಲು ಪ್ರವಾಹ ಬೇಕು. ಅಪಾಯವೆಂದು ಹೇಳಲು ಏನೂ ಬೇಡ. ಕಾವಲು ತಾನೇ ಕೆಟ್ಟರೆ ಆ ಕೇಡು ಅಪಾಯದ ರೂಪದಲ್ಲಿಯೇ ಹೊರಬೀಳುತ್ತದೆ.

ಎರಡನೆಯದು ಕಾರ್ಖಾನೆಯಿಂದ. ಕುಲುಮೆಯ ಉಷ್ಣತೆಯನ್ನೋ ತೊಟ್ಟಿಯ ನೀರಿನ ಮಟ್ಟವನ್ನೋ ದೂರದ ಕೊಠಡಿಗೆ ತಿಳಿಸಲು ತಂತಿಯಲ್ಲಿ ಪ್ರವಾಹವನ್ನು ಕಳುಹಿಸುತ್ತಾರೆ. ಅಳತೆಯ ಸೊನ್ನೆಗೆ ಪ್ರವಾಹದ ಸೊನ್ನೆಯನ್ನೇ ಇಟ್ಟುಕೊಳ್ಳಬಹುದಾಗಿತ್ತು. ಆದರೆ ಹಾಗೆ ಮಾಡದೆ ಅಳತೆಯ ಸೊನ್ನೆಗೆ 4 ಮಿಲಿಆಂಪಿಯರನ್ನೂ ಪೂರ್ಣಾಂಕಕ್ಕೆ 20 ಮಿಲಿಆಂಪಿಯರನ್ನೂ ಗೊತ್ತುಮಾಡಿದ್ದಾರೆ. ತೊಟ್ಟಿ ಬರಿದಾಗಿದ್ದರೆ ಮುಳ್ಳು 4ರಲ್ಲಿ ನಿಲ್ಲುತ್ತದೆ. ಮುಳ್ಳು ನಿಜವಾದ ಸೊನ್ನೆಗೆ ಬಿದ್ದರೆ ತಂತಿಯೇ ಹರಿದಿದೆಯೆಂದು ಅರ್ಥ. ಇದನ್ನು 'ಜೀವಂತ ಸೊನ್ನೆ' ಎಂದು ಕರೆಯುತ್ತಾರೆ. "ಹೇಳುವುದಕ್ಕೆ ಏನೂ ಇಲ್ಲ" ಎಂಬ ಮಾತಿಗೂ "ಹೇಳುವ ಬಾಯಿಯೇ ಇಲ್ಲ" ಎಂಬ ಸ್ಥಿತಿಗೂ ಇರುವ ಅಂತರವನ್ನು ನಾಲ್ಕೇ ಮಿಲಿಆಂಪಿಯರು ಕಾಪಾಡುತ್ತದೆ!

ಇದೇ ತತ್ತ್ವವನ್ನು ಘಟನಾ ನಿರ್ವಹಣ ವ್ಯವಸ್ಥೆಗೂ ಅನ್ವಯಿಸಬಹುದು. ಹೇಗೆಂದರೆ, ಪ್ರತಿಯೊಂದು ಭಾಗವೂ ಗೊತ್ತಾದ ಕಾಲಕ್ಕೊಮ್ಮೆ "ಇದ್ದೇನೆ" ಎಂದು ಮತ್ತೊಂದು ಕಡೆಗೆ ಸುದ್ದಿ ಕಳುಹಿಸುತ್ತಿರಬೇಕು. ಸುದ್ದಿ ನಿಂತರೆ ಅದೇ ಅಪಾಯದ ಸೂಚನೆ. ಕಂಪ್ಯೂಟರಿನವರು ಇದನ್ನು 'ಹಾರ್ಟ್‌ಬೀಟ್', ಅಂದರೆ ಎದೆಬಡಿತ, ಎಂದು ಕರೆಯುತ್ತಾರೆ. ಆದರೆ ಆಕ್ರನ್ನಿನ ಪಾಠವನ್ನು ಮರೆಯಬಾರದು. ಎದೆಬಡಿತವೊಂದೇ ಸಾಲದು. ನಿದ್ದೆಯಲ್ಲಿ ನಡೆಯುವವನ ಎದೆಯೂ ಬಡಿಯುತ್ತಿರುತ್ತದೆ. ಆದುದರಿಂದ ಕಾಲಕಾಲಕ್ಕೆ ಸುಳ್ಳು ಘಟನೆಯೊಂದನ್ನು ಬೇಕೆಂದೇ ಸೃಷ್ಟಿಸಿ ಕಾಲುವೆಯ ಮೊದಲ ತುದಿಯಲ್ಲಿ ಬಿಡಬೇಕು. ಸರತಿ, ನಿಯಮ, ಪರದೆ, ಫೋನು ಇವೆಲ್ಲವನ್ನೂ ದಾಟಿ ಅದು ಕೊನೆಯ ತುದಿಗೆ ಎಷ್ಟು ಸೆಕೆಂಡುಗಳಲ್ಲಿ ಬಂದು ಮುಟ್ಟಿತೆಂಬುದನ್ನು ಅಳೆಯಬೇಕು. ಮುಟ್ಟದಿದ್ದರೆ ದಾರಿ ಕಡಿದಿದೆ. ತಡವಾಗಿ ಮುಟ್ಟಿದರೆ ದಾರಿ ಕಟ್ಟಿಕೊಳ್ಳುತ್ತಿದೆ. ಸರತಿಯ ಉದ್ದ, ಒಂದು ನಿಮಿಷಕ್ಕೆ ಬರುವ ವರದಿಗಳ ಸಂಖ್ಯೆ, ಡಿಸ್ಕಿನಲ್ಲಿ ಉಳಿದ ಜಾಗ, ಇವು ಕಾವಲುಗಾರನ ಉಸಿರು ಮತ್ತು ಮೈಬಿಸಿಯಿದ್ದಂತೆ. ಇವುಗಳ ಮೇಲೂ ಕಣ್ಣಿರಬೇಕು. ಬರುವ ವರದಿಗಳು ಒಮ್ಮೆಲೆ ಹೆಚ್ಚಿದರೆ ಗಾಬರಿಗೊಳ್ಳುವವರು ಅವು ಒಮ್ಮೆಲೆ ಕಡಮೆಯಾದರೆ ಸಂತೋಷಪಡುವುದುಂಟು. ಆಗಲೂ ಅವರು ಅಷ್ಟೇ ಗಾಬರಿಗೊಳ್ಳಬೇಕೆಂದು ನಾವು ಹೇಳುತ್ತೇವೆ.

ಕೊನೆಯ ತುದಿಯವರೆಗೆ ಪರೀಕ್ಷಿಸದಿದ್ದರೆ ಏನಾಗುತ್ತದೆಂಬುದಕ್ಕೆ ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ನಡೆದುದು ನಿದರ್ಶನ. ಕೆಲಸಗಾರರೊಬ್ಬರು ದಣಿವಿನ ಹೊತ್ತಿನಲ್ಲಿ ಮುಖ್ಯ ಮಾಹಿತಿಕೋಶವನ್ನು ತಪ್ಪಿ ಅಳಿಸಿಹಾಕಿದರು. ದಿನವೂ ತೆಗೆಯುವ ಪ್ರತಿಯಿದೆಯಲ್ಲಾ ಎಂದು ಹುಡುಕಿದರೆ ಆ ಪ್ರತಿಗಳು ತಯಾರಾಗುತ್ತಲೇ ಇರಲಿಲ್ಲ! ಪ್ರತಿ ವಿಫಲವಾದಾಗ ಎಚ್ಚರಿಕೆಯ ಪತ್ರ ಹೋಗುವ ಏರ್ಪಾಡು ಇತ್ತು; ಪತ್ರಗಳೂ ಹೊರಟಿದ್ದುವು. ಆದರೆ ಅವುಗಳಲ್ಲಿ ಬೇಕಾದ ದೃಢೀಕರಣವಿಲ್ಲದ ಕಾರಣ ಮುಟ್ಟಬೇಕಾದ ಕಡೆ ಅವನ್ನು ಸ್ವೀಕರಿಸಲಿಲ್ಲ. ಕಾವಲುಗಾರನು ಕೂಗಿದನು, ಬಾಗಿಲು ಮುಚ್ಚಿದ್ದರಿಂದ ಕೇಳಿಸಲಿಲ್ಲ. ಬೇರೊಂದು ಕೆಲಸಕ್ಕೆಂದು ಆರು ಗಂಟೆಗಳ ಮುಂಚೆ ತೆಗೆದಿದ್ದ ಒಂದು ಪ್ರತಿಯಿಂದ ಅವರು ಹೇಗೋ ಪಾರಾದರು. ನಡುವಣ ಆರು ಗಂಟೆಗಳ ಮಾಹಿತಿಯಲ್ಲಿ ಒಂದು ಭಾಗ ಹೋದದ್ದು ಹೋಯಿತು. ನಡೆದುದನ್ನೆಲ್ಲ ಮುಚ್ಚುಮರೆಯಿಲ್ಲದೆ ಪ್ರಕಟಿಸಿದ ಆ ಸಂಸ್ಥೆಯ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಮೌನದಂತೆಯೇ ಅತಿಯಾದ ಸದ್ದೂ ಕಾವಲಿನ ರೋಗವೇ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಪರಮಾಣು ಸ್ಥಾವರದಲ್ಲಿ ಅಪಘಾತವಾದಾಗ ಮೊದಲ ಕೆಲವು ನಿಮಿಷಗಳಲ್ಲಿಯೇ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಒಟ್ಟಿಗೆ ಮೊಳಗಿದುವು. ಯಾವುದು ಮುಖ್ಯವೆಂದು ತಿಳಿಯುವ ದಾರಿ ಇರಲಿಲ್ಲ. ವರದಿಗಳನ್ನು ಅಚ್ಚುಮಾಡುವ ಯಂತ್ರವು ಘಟನೆಗಳಿಗಿಂತ ಬಹಳ ಹಿಂದೆ ಬಿದ್ದಿತು. ಇನ್ನೂ ಗಮನಿಸಬೇಕಾದುದೆಂದರೆ ಅಲ್ಲಿನ ಒಂದು ದೀಪ. ಒತ್ತಡವನ್ನು ತಗ್ಗಿಸುವ ಕವಾಟವು ತೆರೆದೇ ಉಳಿದು ತಣಿಸುವ ನೀರು ಎರಡು ಗಂಟೆಗೂ ಹೆಚ್ಚು ಕಾಲ ಹೊರಹೋಗುತ್ತಿದ್ದರೂ, ಕವಾಟವು ಮುಚ್ಚಿದೆಯೆಂದು ಆ ದೀಪದಿಂದ ಸಿಬ್ಬಂದಿ ತಿಳಿದರು. ಮುಚ್ಚುವಂತೆ ಆಜ್ಞೆ ಹೋಗಿದೆಯೆಂಬುದನ್ನು ಮಾತ್ರ ಅದು ಸೂಚಿಸುತ್ತಿತ್ತು. ಆಜ್ಞೆ ಪಾಲನೆಯಾಯಿತೇ ಎಂಬುದನ್ನು ಅಳೆಯುವ ಉಪಕರಣವೇ ಅಲ್ಲಿರಲಿಲ್ಲ. ಆಕ್ರನ್ನಿನ ಸರ್ವರಿನಲ್ಲಿ ನಾವು ಕಂಡ ತಪ್ಪೇ ಇಲ್ಲಿ ಇಪ್ಪತ್ತನಾಲ್ಕು ವರ್ಷಗಳ ಮುಂಚೆ ಬೇರೆ ವೇಷದಲ್ಲಿತ್ತು.

ಇಷ್ಟನ್ನು ಹೇಳಿದಾಗ ಕೆಲವರು ಆಕ್ಷೇಪಿಸಬಹುದು. "ಕಾವಲುಗಾರನಿಗೆ ಇನ್ನೊಬ್ಬ ಕಾವಲುಗಾರ, ಅವನಿಗೆ ಮತ್ತೊಬ್ಬ, ಹೀಗೆ ಹೋದರೆ ಕೊನೆಯೆಲ್ಲಿ?" ಎಂದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಎರಡನೆಯ ಕಾವಲುಗಾರನು ಮೊದಲನೆಯವನಷ್ಟು ಜಾಣನಾಗಿರಬೇಕಿಲ್ಲ ಎಂಬುದನ್ನು ಅವರು ಮರೆಯುತ್ತಾರೆ. ಲಕ್ಷ ವರದಿಗಳನ್ನು ವಿಂಗಡಿಸುವ ಕಾರ್ಯಕ್ರಮವು ಜಟಿಲವಾದದ್ದು, ಆದ್ದರಿಂದಲೇ ಕೆಡುವಂಥದ್ದು. "ಈ ನಿಮಿಷದಲ್ಲಿ ಬಡಿತ ಬಂದಿತೇ ಇಲ್ಲವೇ" ಎಂದಷ್ಟೇ ಕೇಳುವ ಎರಡನೆಯದು ಗಡಿಯಾರದಷ್ಟು ಸರಳ. ಸರಳವಾದುದು ಕೆಡುವುದು ಅಪರೂಪ. ಒಂದು ವೇಳೆ ಎರಡೂ ನೂರು ದಿನಗಳಲ್ಲಿ ಒಂದು ದಿನ ಕೆಡುವುವೆಂದೇ ಇಟ್ಟುಕೊಳ್ಳೋಣ. ಸಂಭಾವ್ಯತೆಯ ಗಣಿತದ ಪ್ರಕಾರ ಎರಡೂ ಒಂದೇ ದಿನ ಕೆಡುವುದು ಹತ್ತು ಸಾವಿರ ದಿನಗಳಲ್ಲಿ ಒಂದು ದಿನ, ಅಂದರೆ ಸುಮಾರು 27 ವರ್ಷಗಳಿಗೊಮ್ಮೆ. ಎರಡೂ ಪರಸ್ಪರ ಸ್ವತಂತ್ರವಾಗಿರಬೇಕೆಂಬುದೇ ಇದಕ್ಕೆ ನಿಬಂಧನೆ.

ಆ ನಿಬಂಧನೆಯನ್ನು ಲಘುವಾಗಿ ಕಾಣಬಾರದು. ಆಕ್ರನ್ನಿನ ಬದಲಿ ಸರ್ವರು ಸ್ವತಂತ್ರವಾಗಿರಲಿಲ್ಲ. ಮೊದಲನೆಯದರ ರೋಗವನ್ನೇ ತಾನು ಪಡೆಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆಗಳ ಕಾಲ ಲೋಕದಿಂದ ಮರೆಯಾದಾಗ ದೋಷವನ್ನು ಹುಡುಕಲು ಬೇಕಾದ ಒಳಗಿನ ಸಾಧನಗಳಲ್ಲಿ ಅನೇಕವು ಅದೇ ದೋಷದಿಂದ ನಿಂತುಹೋಗಿದ್ದುವು. ಮನೆಗೆ ಬೆಂಕಿ ಬಿದ್ದಾಗ ಏಣಿಯು ಅಟ್ಟದ ಮೇಲಿದ್ದಂತೆ! ಕಾವಲಿನ ವ್ಯವಸ್ಥೆಯು ತಾನು ಕಾಯುವ ಸರ್ವರಿನಲ್ಲಿಯೇ ನೆಲಸಿರಬಾರದು. ಅದೇ ವಿದ್ಯುತ್ತು, ಅದೇ ಜಾಲ, ಅದೇ ಅಂಚೆ ಇವನ್ನೇ ಅದು ಅವಲಂಬಿಸಿರಬಾರದು.

ಖರ್ಚು ಹೆಚ್ಚೆಂಬುದು ಇನ್ನೊಂದು ಆಕ್ಷೇಪ. ನಿಮಿಷಕ್ಕೊಂದು ಸುಳ್ಳು ಘಟನೆಯನ್ನು ಕಳುಹಿಸಿ ಅದು ಬಂದುದನ್ನು ನೋಡಲು ಬೇಕಾಗುವ ಕಾರ್ಯಕ್ರಮವನ್ನು ಎರಡನೆಯ ವರ್ಷದ ಪದವಿ ವಿದ್ಯಾರ್ಥಿಯೂ ಬರೆಯಬಲ್ಲನು. ಕೊರತೆಯಿರುವುದು ಹಣಕ್ಕಲ್ಲ, ಗೌರವಕ್ಕೆ. ಹೊಸ ವ್ಯವಸ್ಥೆಯನ್ನು ಕಟ್ಟಿದವನಿಗೆ ಹಾರ ಹಾಕುತ್ತಾರೆ. ಕಟ್ಟಿದುದು ಕೆಡದಂತೆ ದಿನವೂ ಒರೆಹಚ್ಚಿ ನೋಡುವವನ ಹೆಸರು ಯಾರಿಗೂ ತಿಳಿಯುವುದಿಲ್ಲ. ಅವನ ಕೆಲಸ ಸಫಲವಾದಾಗ ಏನೂ ನಡೆಯುವುದಿಲ್ಲವಾದ್ದರಿಂದ ಅವನು ಏನೂ ಮಾಡಲಿಲ್ಲವೆಂದೇ ಜನ ತಿಳಿಯುತ್ತಾರೆ. ಬೆಂಕಿ ನಂದಿಸುವ ಕೆಂಪು ಸಿಲಿಂಡರು ಗೋಡೆಗೆ ತೂಗಾಡುತ್ತಿದ್ದು, ಅದರ ಮೇಲಿನ ಚೀಟಿಯ ತಾರೀಖು ಎಂದೋ ಮೀರಿರುವುದನ್ನು ನಮ್ಮ ಕಾಲೇಜು, ಕಚೇರಿಗಳಲ್ಲಿ ಯಾರು ಬೇಕಾದರೂ ಹೋಗಿ ನೋಡಬಹುದು. ಅದನ್ನು ತೂಗಹಾಕಿದಂದೇ ನಮ್ಮ ಚಿಂತೆ ಮುಗಿಯಿತು. ಇರುವುದರಿಂದಲೇ ಕ್ಷೇಮವೆಂಬ ಭ್ರಾಂತಿ, ಇಲ್ಲದಿರುವುದಕ್ಕಿಂತಲೂ ಹೆಚ್ಚು ಅಪಾಯಕರ. ಇಲ್ಲವೆಂದು ತಿಳಿದವನು ಎಚ್ಚರವಾಗಿಯಾದರೂ ಇರುತ್ತಾನೆ.

ಸಂತೋಷಪಡಬೇಕಾದ ಉದಾಹರಣೆಯೊಂದು ನಮ್ಮಲ್ಲಿಯೇ ಇದೆ. 2023ರ ಅಕ್ಟೋಬರ್ 12ರ ಬೆಳಗ್ಗೆ ಕರ್ನಾಟಕದ ಅಸಂಖ್ಯ ಮೊಬೈಲ್ ಫೋನುಗಳು ಒಮ್ಮೆಲೆ ವಿಚಿತ್ರವಾಗಿ ಕೂಗಿಕೊಂಡುದು ವಾಚಕರಿಗೆ ನೆನಪಿರಬಹುದು. ಪ್ರವಾಹ, ಬಿರುಗಾಳಿ ಮೊದಲಾದ ವಿಪತ್ತುಗಳ ಸಮಯದಲ್ಲಿ ಜನರಿಗೆ ಸೂಚನೆ ಕೊಡುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯು ಅಂದು ಪರೀಕ್ಷಿಸಿತು. ಇದು ಪರೀಕ್ಷೆಯ ಸಂದೇಶ, ಏನೂ ಮಾಡಬೇಕಾಗಿಲ್ಲ ಎಂದು ಅದರಲ್ಲಿಯೇ ಬರೆದಿತ್ತು. ಅಂದು ಬೆಚ್ಚಿಬಿದ್ದವರೂ ಗೊಣಗಿದವರೂ ಅನೇಕರು. ನಮಗಾದರೋ ಅದು ಗಸ್ತಿನವನ ಕೋಲಿನ ಸದ್ದಿನಂತೆ ಕೇಳಿಸಿತು. ಕಚೇರಿಯ ಕಂಪ್ಯೂಟರಿನಿಂದ ಹೊರಟು ಜನರ ಕಿವಿಯವರೆಗೆ ಇಡೀ ದಾರಿಯನ್ನು ನಡೆದು ನೋಡುವುದೆಂದರೆ ಇದೇ. ಇಂಥ ಪರೀಕ್ಷೆಗಳು ವರ್ಷಕ್ಕೊಮ್ಮೆಯಾದರೂ ನಡೆಯಲಿ, ಜನರು ಗೊಣಗದಿರಲಿ ಎಂದು ನಮ್ಮ ಕೋರಿಕೆ.

ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಮುಂದೆ ಬೆಂಗಳೂರಿನಲ್ಲಿ ದೂರದೇಶಗಳ ಬ್ಯಾಂಕು, ಆಸ್ಪತ್ರೆಗಳ ಕಂಪ್ಯೂಟರುಗಳನ್ನು ರಾತ್ರಿಯೆಲ್ಲ ಕಾಯುವ ಕೆಲಸಕ್ಕೆ ಸೇರುವರು. ಅವರ ಮುಂದೆ ದೊಡ್ಡ ಪರದೆಯಿರುತ್ತದೆ. ಅದರ ತುಂಬ ಹಸಿರು ಬಣ್ಣವಿರುತ್ತದೆ. ಅಂದು ಅವರು ತಮ್ಮನ್ನು ಮೂರು ಪ್ರಶ್ನೆ ಕೇಳಿಕೊಳ್ಳಲಿ. ಈ ಹಸಿರು ಕ್ಷೇಮದ ಹಸಿರೋ, ಸುದ್ದಿ ನಿಂತುಹೋದಾಗ ಉಳಿದ ಹಳೆಯ ಹಸಿರೋ? ಎಚ್ಚರಿಕೆಯ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ನಡೆದು ನೋಡಿದುದು ಕಡೆಯ ಸಲ ಯಾವಾಗ? ಪಕ್ಕದ ಊರಿನವರು ಫೋನು ಮಾಡಿ "ನಿಮ್ಮಲ್ಲಿ ಏನೋ ಕೆಟ್ಟಂತಿದೆ" ಎಂದರೆ, ಪರದೆಯನ್ನು ನಂಬಿ ಅವರ ಮಾತನ್ನು ತಳ್ಳಿಹಾಕುವೆವೋ, ಅವರ ಮಾತನ್ನು ನಂಬಿ ಪರದೆಯನ್ನೇ ಪರೀಕ್ಷಿಸುವೆವೋ? ಆಕ್ರನ್ನಿನಲ್ಲಿ ಒಬ್ಬರು ಈ ಮೂರನೆಯ ಪ್ರಶ್ನೆಯನ್ನು ಕೇಳಿಕೊಂಡಿದ್ದರೂ ಗಂಟೆ ಸತ್ತಿರುವುದು ಒಂದು ಗಂಟೆ ಮೊದಲೇ ತಿಳಿಯುತ್ತಿತ್ತು.

ಉಪಕರಣದ ಅಳತೆಯನ್ನು ನಂಬುವ ಮೊದಲು ಉಪಕರಣವನ್ನು ಪರೀಕ್ಷಿಸಬೇಕೆಂದು ಪ್ರಯೋಗಶಾಲೆಯಲ್ಲಿ ನಾವು ಪ್ರತಿವರ್ಷವೂ ಹೇಳಿಕೊಡುತ್ತೇವೆ. ವರ್ನಿಯರ್ ಕ್ಯಾಲಿಪರಿನ ಸೊನ್ನೆಯ ದೋಷವನ್ನು ಬರೆದುಕೊಳ್ಳದೆ ಅಳತೆ ತೆಗೆದವನ ಪುಸ್ತಕಕ್ಕೆ ನಾವು ಸಹಿ ಹಾಕುವುದಿಲ್ಲ. ವಿದ್ಯಾರ್ಥಿಗಳಿಗೆ ಅದು ಬೇಸರದ ಕೆಲಸವೆಂದು ತೋರುವುದು ಸಹಜ. ಕೋಟ್ಯಂತರ ಜನರ ಬೆಳಕು, ಹಣ, ಪ್ರಾಣಗಳನ್ನು ಕಾಯುವ ಯಂತ್ರಗಳ ಮುಂದೆ ಅವರು ಕುಳಿತ ದಿನ ಆ ಬೇಸರದ ಅಭ್ಯಾಸವೇ ಅವರನ್ನು ಕಾಪಾಡಲಿ.